ತೂಕದ ಗುಂಡಿಗೆ ಎಟುಕದ್ದು

ಆ ಗಾರೆ ಕೆಲಸದವಳು ಯಾವ ಮೇಸ್ತ್ರಿಯ ಕೆಲಸವನ್ನೂ ಸುಲಭಕ್ಕೆ ಒಪ್ಪಿದವಳಲ್ಲ. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿ, ಗೋಡೆ ಕೂದಲೆಳೆಯಷ್ಟು ವಾಲಿದ್ದರೂ ಮುಲಾಜಿಲ್ಲದೆ ಕೆಡವಿಸುತ್ತಿದ್ದಳು. ಮಕ್ಕಳಾಗಲಿಲ್ಲವೆಂದು ತೋರಿಸಿಕೊಳ್ಳಲು ಹೋದ ಅಂಥವಳಿಗೆ ಡಾಕ್ಟರಮ್ಮ, "ನಿನ್ನ ಗರ್ಭಕೋಶ ಸ್ವಲ್ಪ ಹಿಂದಕ್ಕೆ ವಾಲಿದೆ" ಅಂದಾಗ ಎದೆ ಧಸಕ್ಕೆಂದಿತು.

"ಐದು ಜನರಲ್ಲಿ ಒಬ್ಬರಿಗೆ ಹಾಗೇ ಇರತ್ತಮ್ಮ. ಬಸಿರಾಗೋಕೆ ಅದು ಸಾಮಾನ್ಯವಾಗಿ ಅಡ್ಡಿ ಬರಲ್ಲ" ಎಂದರೂ ನಂಬಲಿಲ್ಲ. ಮನೆಗೆ ಬಂದವಳೇ ಮಂಚದ ಕಾಲ್ದೆಸೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದಳು.

"ಇದೇನು ಮಂಚಾನೋ ಜಾರುಬಂಡೆನೋ?" ಎಂದು ಗೊಣಗಿದ ಗಂಡ, ಮೂರನೇ ದಿನಕ್ಕೆ ಇಟ್ಟಿಗೆಗಳನ್ನು ಹೊರಗೆಸೆದ.

ಆರು ತಿಂಗಳಲ್ಲಿ ಬಸಿರಾದಳು. ಹದಿನಾಲ್ಕನೇ ವಾರ ಡಾಕ್ಟರಮ್ಮ ಸ್ಕ್ಯಾನಿಂಗ್ ಪರದೆಯನ್ನು ಅವಳತ್ತ ತಿರುಗಿಸಿದರು.

"ನೋಡು, ಗರ್ಭಕೋಶ ಈಗ ನೆಟ್ಟಗಾಗಿದೆ."

"ಯಾರು ಮಾಡಿದ್ರು ಡಾಕ್ಟ್ರೇ?"

"ಒಳಗಿರೋ ಮಗು. ಅದು ಬೆಳೀತಾ ಬೆಳೀತಾ ಗರ್ಭಕೋಶ ತಾನೇ ಮೇಲೆದ್ದು ನಿಲ್ಲತ್ತೆ."

ಭಾರ ಬಿದ್ದಷ್ಟೂ ವಾಲಿದ ಗೋಡೆ ಇನ್ನಷ್ಟು ವಾಲುವುದನ್ನೇ ಅವಳು ಕಂಡಿದ್ದಳು. ಪರದೆಯ ಮೇಲೆ ನಿಂಬೆಹಣ್ಣಿನಷ್ಟು ಗಾತ್ರದ ಜೀವವೊಂದು ಕೈಯಾಡಿಸುತ್ತಿತ್ತು. ಅವಳು ತನಗೇ ಗೊತ್ತಿಲ್ಲದಂತೆ ಎರಡೂ ಕೈ ಮುಗಿದಳು.

"ಮೇಸ್ತ್ರಿಗಳೇ," ಎಂದಳು.