ಕಚ್ಚಾ ಹೊಲಿಗೆ

ಯಾವ ಬಣ್ಣದ ದಾರ ಅಂತ ಕೇಳ್ತಿದಾರೆ, ಕೇಳಿಸ್ತೇನೇ, ಯೂನಿಫಾರಂ ಅಂಚಿಗೆ ನೀನು ಹಾಕಿದ್ದು — ಹಜಾರದಿಂದ ಇವರ ದನಿ, ಫೋನಿಗೆ ಕೈ ಅಡ್ಡ ಹಿಡಿದು ಆಡುವ ದನಿ, ಕೇಳಿಸಿತು, ಕೇಳಿಸದೆ ಏನು, ನಾನೇನು ಕಿವುಡಿಯೇ, ಆದರೆ ಕೈಯಲ್ಲಿರುವ ಕಾದಂಬರಿಯ ದಾದಿ ಈಗ ತಾನೇ ಲಾರಿ ಹತ್ತುತ್ತಿದ್ದಾಳೆ, ಹತ್ತಿ ಕೂರಲಿ, ಆಮೇಲೆ ಹೇಳುತ್ತೇನೆ. ಎಂದೋ ಮುಗಿದುಹೋದ ಯುದ್ಧ, ಎಂದೋ ಸತ್ತ ದಾದಿಯರು, ಬರೆದವನು ರಕ್ತ ಕಂಡವನಲ್ಲ, ಸಂಜೆಯಾದರೂ ಅವರ ಏಪ್ರನ್ ಬೆಳ್ಳಗೇ ಇರುತ್ತದೆ, ತಾನೂ ದಾದಿಯಾದ ಮಗಳು ಬಿದ್ದು ಬಿದ್ದು ನಗುತ್ತಿದ್ದಳು, ಅಮ್ಮಾ, ಇವನನ್ನ ಒಂದಿನ ನಮ್ಮ ವಾರ್ಡಿಗೆ ಕಳಿಸು. ನಮ್ಮಿಬ್ಬರಿಗೂ ಒಂದು ನೇಮ, ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ಗಟ್ಟಿಯಾಗಿ ಓದಬೇಕು, ಕದ್ದು ಮುಂದೆ ಓದಿದವರು ವಾರವಿಡೀ ಪಾತ್ರೆ ತೊಳೆಯಬೇಕು, ಈ ಪುಸ್ತಕ ಲಾರಿ ಹತ್ತುವಲ್ಲಿಗೆ ನಿಂತಿತ್ತು, ಅಷ್ಟರಲ್ಲಿ ಅವಳಿಗೂ ಕರೆ ಬಂತು, ಇದು ಕಥೆಯಲ್ಲ, ಈಗಿನ ಯುದ್ಧ. ಹೋಗಬೇಡ ಅಂದೆ. ಕಥೇಲಿರೋ ಹುಡುಗಿ ಹೋದ್ರೆ ಶಭಾಷ್ ಅಂತೀಯ, ನಾನು ಹೊರಟ್ರೆ ಅಡ್ಡ ಬರ್ತೀಯಲ್ಲಮ್ಮ — ಚಿನಕುರುಳಿ, ಸುಮ್ಮನೆ ಬಂತೇ ಆ ಹೆಸರು. ಯೂನಿಫಾರಂ ನಾನೇ ಹೊಲಿದೆ, ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದಾದಿಯರಿಗೆಲ್ಲ ಹೊಲಿದವಳು, ಅಂಚನ್ನು ನಾಲ್ಕು ಬೆರಳು ಒಳಗೆ ಮಡಚಿಟ್ಟೆ, ಬೆಳೆಯೋ ಹುಡುಗಿ ಅಂತ ಅವಳ ಶಾಲೆಯ ಬಟ್ಟೆಗಳಿಗೆಲ್ಲ ಮಡಚಿ ಮಡಚಿ ರೂಢಿಯಾದ ಕೈ, ಅಮ್ಮಾ, ಇಪ್ಪತ್ತಾರಾಯ್ತು, ಇನ್ನೇನು ಲೈಟ್ ಕಂಬದಷ್ಟು ಬೆಳೀಲಾ, ಮೊದಲು ಕೈಯಲ್ಲೇ ಕಚ್ಚಾ ಹೊಲಿಗೆ, ಎದ್ದು ಕಾಣಲಿ, ಬಿಚ್ಚಲು ಸುಲಭವಾಗಲಿ ಅಂತ ನೀಲಿ ದಾರ, ದೊಡ್ಡ ದೊಡ್ಡ ಹೊಲಿಗೆ, ಮಿಷನ್ನಿಗೆ ಕೊಡುವಷ್ಟರಲ್ಲಿ ಗಾಡಿ ಬಾಗಿಲಿಗೆ ಬಂದು ಹಾರ್ನ್ ಹೊಡೆಯಿತು, ಬಂದ್ಮೇಲೆ ಹಾಕ್ಕೊಡು ಬಿಡು, ಅಲ್ಲಿ ನನ್ನ ಅಂಚು ಯಾರು ನೋಡ್ತಾರೆ. ನೋಡಿದ್ದಾರೆ. ಯಾರೋ ಬಗ್ಗಿ ನೋಡಿದ್ದಾರೆ.

ಏಯ್, ಕಾಯ್ತಿದಾರೆ ಕಣೇ. ತಡೀರಿ ಒಂದು ನಿಮಿಷ. ಅವಳಿದ್ದ ಡೇರೆ ಆಸ್ಪತ್ರೆಯ ಮೇಲೆ ಬಾಂಬು ಬಿತ್ತಂತೆ, ಮುಖ ನೋಡಿ ಹೇಳುವಂತಿಲ್ಲವಂತೆ, ಕೈಹೊಲಿಗೆಯ ಅಂಚಿನವಳು ಒಬ್ಬಳಿದ್ದಾಳಂತೆ, ದಾರದ ಬಣ್ಣ ಮನೆಯವರೇ ಹೇಳಬೇಕಂತೆ. ನೇಮ ಮುರಿದೆ, ಪುಟ ಹಾರಿಸುತ್ತಿದ್ದೇನೆ, ಹಾರಿಸಿ ಹಾರಿಸಿ ಕೊನೆಯ ಪುಟ — ದಾದಿ ಬಂದಿದ್ದಾಳೆ, ಮನೆಯ ಮೆಟ್ಟಿಲ ಮೇಲೆ ನಿಂತಿದ್ದಾಳೆ, ಏಪ್ರನ್ ಅದೇ ಬೆಳ್ಳಗೆ, ತಾಯಿ ಓಡಿ ಬಂದು ತಬ್ಬಿಕೊಳ್ಳುತ್ತಾಳೆ, ಬರೆದವನ ಗಂಟೇನು ಹೋಯಿತು, ಒಂದು ಸಾಲು ಬರೆದ, ಬದುಕಿಸಿದ, ಹಾಗಾದರೆ ನನಗೂ ಒಂದು ಮಾತು ಸಾಕಲ್ಲ — ಬಾಗಿಲಲ್ಲಿ ಇವರು, ಫೋನನ್ನು ಎದೆಗೆ ಒತ್ತಿಕೊಂಡು, ಒಂದೇ ಬೆಳಗಿನಲ್ಲಿ ಮುದುಕರಾಗಿದ್ದಾರೆ, ಅಯ್ಯೋ ಅನಿಸುತ್ತದೆ. ಬಿಳಿ, ಅಂದೆ. ಬಿಳೀ ದಾರ. ನಿಜವಾಗ್ಲೂ? ಹೊಲಿದವಳು ನಾನು, ನನಗೆ ಗೊತ್ತಿಲ್ವಾ. ಬಿಳಿಯಂತೆ ಸಾರ್, ಅವಳಮ್ಮನೇ ಹೇಳ್ತಿದಾಳೆ — ಆ ಕಡೆಯವರು ಏನೋ ಹೇಳುತ್ತಿದ್ದಾರೆ, ಇವರ ಭುಜ ಕುಲುಕುತ್ತಿದೆ, ಅಳುತ್ತಿದ್ದಾರೆ, ಇಲ್ಲ, ನಗುತ್ತಿದ್ದಾರೆ, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಾರೆ, ನಮ್ಮವಳಲ್ಲ ಕಣೇ, ನಮ್ಮ ಚಿನಕುರುಳಿ ಅಲ್ಲ, ಯಾರೋ ಪಾಪ, ಯಾರ ಮಗಳೋ, ಅವಳ ಅಂಚಿಗೆ ನೀಲಿ ದಾರವಂತೆ, ಕೇಳಿಸ್ತೇನೇ, ನೀಲಿ — ಕೇಳಿಸಿತು — ನನ್ನ ಎರಡೂ ಕೈ ಹಿಡಿದು ಎಬ್ಬಿಸುತ್ತಿದ್ದಾರೆ, ಕೆನ್ನೆಗೆ ಕೆನ್ನೆ ಒತ್ತುತ್ತಿದ್ದಾರೆ, ನಗೇ, ಯಾಕೆ ಹೀಗೆ ನಿಂತಿದೀಯ, ನಗು — ನೀಲಿ, ದೊಡ್ಡ ದೊಡ್ಡ ಹೊಲಿಗೆ, ಎದ್ದು ಕಾಣುವ ನೀಲಿ —