ರೈಟ್ ಅಂದವನ ಕೋಟು

ಇಂಗ್ಲೆಂಡಿನ ನಮ್ಮ ಯಾರ್ಕ್‌ಷೈರ್ ಕಡೆ ‘ರೈಟ್’ ಎನ್ನುವ ಒಂದು ಪದ ಗೊತ್ತಿದ್ದರೆ ಸಾಕು, ಜೀವಮಾನ ಕಳೆದುಬಿಡಬಹುದು. ಬೈಯುವ ಮುಂಚೆ ಅಪ್ಪ ‘ರೈಟ್’ ಅನ್ನುತ್ತಿದ್ದ. ನಾವು ಮೇಜಿನಡಿ ಸೇರಿಕೊಳ್ಳುತ್ತಿದ್ದೆವು. ನಲ್ಲಿ ರಿಪೇರಿಯವನು ಸಿಂಕಿನ ಕೆಳಗೆ ತಲೆ ಹಾಕಿ ‘ರೈಟ್’ ಅಂದರೆ ಆ ದಿನ ಮನೆಯಲ್ಲಿ ನೀರಿಲ್ಲ. ಪಕ್ಕದ ಮನೆಯಾಕೆ ಮೊಮ್ಮಗನ ಪ್ರತಾಪ ಕೊಚ್ಚುವಾಗ ನಾನು ‘ರೈ...ಟ್’ ಎಂದು ಎಳೆದರೆ ಒಂದಕ್ಷರವನ್ನೂ ನಂಬಿಲ್ಲ ಎಂದರ್ಥ. ಎಲ್ಲಕ್ಕಿಂತ ದೊಡ್ಡದು, ಕೂತಲ್ಲೇ ಎರಡೂ ಅಂಗೈಯಿಂದ ತೊಡೆ ತಟ್ಟಿ ಹೇಳುವ ‘ರೈಟ್’. ಹಾಗೆಂದವನು ಎದ್ದು ಹೊರಡಲೇಬೇಕು, ಮನೆಯವರು ಕೋಟು ತಂದುಕೊಡಬೇಕು. ಕೋಟು ಕೈಗೆ ಬಂದ ಮೇಲೆ ಮತ್ತೆ ಕುಳಿತವನನ್ನು ನನ್ನ ಎಪ್ಪತ್ತೊಂದು ವರ್ಷದಲ್ಲಿ ಕಂಡಿಲ್ಲ.

ಈ ಪದ್ಧತಿಯನ್ನು ನಾನು ದುರುಪಯೋಗ ಮಾಡಿಕೊಂಡೆ. ಒಪ್ಪಿಕೊಳ್ಳುತ್ತೇನೆ.

ನಾನೂ ತಂಗಿ ಡೋರೀನೂ ಮದುವೆಯಾಗದೆ ಒಂದೇ ಮನೆಯಲ್ಲಿ ಉಳಿದವರು. ಫೆಬ್ರವರಿಯಲ್ಲಿ ವಿಲ್ಫ್ರೆಡ್ ಆಕ್ರಾಯ್ಡ್ ಎಂಬ ನಿವೃತ್ತ ಅಂಚೆಯವನು ಭಾನುವಾರ ಭಾನುವಾರ ಚಹಾಕ್ಕೆ ಬರತೊಡಗಿದ. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು. ಡೋರೀನ್ ಚಹಾ ಬಗ್ಗಿಸಿಕೊಟ್ಟರೆ ಅವನ ಕಿವಿ ಕೆಂಪಾಗುತ್ತಿತ್ತು. ಅವನು ಏನು ಕೇಳಲು ಬರುತ್ತಿದ್ದಾನೆಂದು ಮೊದಲ ದಿನವೇ ನನಗೆ ತಿಳಿಯಿತು. ಅವನು ಕೇಳಿ ಇವಳು ಹೂಂ ಅಂದರೆ ನಾನು ಒಬ್ಬಳೇ. ನನಗೆ ಭಯವಾಯಿತು. ಅದನ್ನು ತೋರಿಸಿಕೊಳ್ಳಲಾಗದೆ ಮೂರು ಹೊತ್ತೂ ಸಿಡಿಮಿಡಿ ಮಾಡುತ್ತಾ ಓಡಾಡಿದೆ.

ಪಾಪ, ಆ ಮನುಷ್ಯನಿಗೊಂದು ಚಾಳಿ. ದೊಡ್ಡ ಮಾತೇನಾದರೂ ಆಡಬೇಕಿದ್ದರೆ ಧೈರ್ಯ ತಂದುಕೊಳ್ಳಲು ಮೊದಲು ತೊಡೆ ತಟ್ಟಿ ‘ರೈಟ್’ ಅನ್ನುತ್ತಿದ್ದ. ಅಷ್ಟು ಸಾಕಿತ್ತು ನನಗೆ.

“ಇಷ್ಟು ಬೇಗ ಹೊರಟ್ರಾ?” ಎಂದು ಮೊದಲ ಭಾನುವಾರ ಅವನ ಕೋಟು ಹಿಡಿದು ನಿಂತೆ.

“ಇಲ್ಲ ಮ್ಯೂರಿಯಲ್ ಅವರೇ, ನಾನು ಏನು ಹೇಳೋಣ ಅಂತಿದ್ದೆ ಅಂದ್ರೆ...”

“ಬಲಗೈ ಈ ಕಡೆ ತೂರಿಸಿ.”

ತೂರಿಸಿದ. ಹೋದ. ಎರಡನೆಯ ಭಾನುವಾರವೂ ಅದೇ ಕಥೆ. ಮೂರನೆಯ ಭಾನುವಾರ ನಾನು ಕೋಟನ್ನು ಒಳಗೆ ನೇತುಹಾಕುವ ತಂಟೆಗೇ ಹೋಗದೆ ನನ್ನ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದೆ. ಬಾಯಲ್ಲಿ ಶುಂಠಿ ಕೇಕ್ ಇರುವಾಗಲೇ ಅವನು ಬಾಗಿಲ ಹೊರಗಿದ್ದ.

ನಾಲ್ಕನೆಯ ವಾರ ಅವನು ತೊಡೆ ತಟ್ಟಿದ, ನಾನು ಎದ್ದೆ. ಡೋರೀನ್ ಕೂಡ ಎದ್ದು ತನ್ನ ಕೋಟಿಗೆ ಕೈ ಹಾಕಿದಳು.

“ಬಸ್ ಸ್ಟಾಪ್‌ವರೆಗೂ ನಾನೂ ಬರ್ತೀನಿ, ನಡೀರಿ.”

“ಕೊರೆಯೋ ಚಳಿ ಕಣೇ ಹೊರಗೆ,” ಎಂದೆ.

“ಗೊತ್ತು ಅಕ್ಕ. ಅದಕ್ಕೇ ಕೋಟು.”

ಪರದೆ ಸರಿಸಿ ನೋಡುತ್ತಾ ನಿಂತೆ. ಸ್ಟಾಪಿಗೆ ಬಸ್ಸು ಬಂತು, ಹೋಯಿತು. ಇಬ್ಬರೂ ಅಲ್ಲೇ ನಿಂತಿದ್ದರು. ಅರ್ಧ ಗಂಟೆಯ ಮೇಲೆ ಇನ್ನೊಂದು ಬಂತು, ಅದೂ ಹೋಯಿತು. ಡೋರೀನ್ ಅಂಗೈಗಳಿಗೆ ಉಸಿರು ಊದಿಕೊಳ್ಳುತ್ತಿದ್ದಳು. ಎರಡು ವರ್ಷದ ಹಿಂದೆ ನ್ಯುಮೋನಿಯಾ ಆಗಿ ಬದುಕಿಬಂದ ಜೀವ ಅದು. ಬೆಚ್ಚಗೆ ನಮ್ಮ ಹಜಾರದಲ್ಲಿ ಆಗಬೇಕಾಗಿದ್ದ ಮಾತನ್ನು ನಾನು ಬೀದಿಗೆ ತಳ್ಳಿದ್ದೆ. ಅವಳ ಉಣ್ಣೆಯ ಮಫ್ಲರ್ ತೆಗೆದುಕೊಂಡು ಮನೆಚಪ್ಪಲಿಯಲ್ಲೇ ಓಡಿದೆ.

“ವಿಲ್ಫ್ರೆಡ್ ಅವರೇ, ಕೇಳ್ಬೇಕಾದ್ದನ್ನ ಬೇಗ ಕೇಳಿಬಿಡಿ. ಇವಳಿಗೆ ಥಂಡಿ ಆಗಿಬರಲ್ಲ.”

“ಕೇಳಾಯ್ತು,” ಎಂದ ಅವನು ತಲೆ ತಗ್ಗಿಸಿ. “ಎರಡು ಬಸ್ ಹಿಂದೇನೇ ಕೇಳ್ದೆ.”

“ಇವಳೇನಂದ್ಲು?”

“ಅಕ್ಕನ್ನ ಕೇಳಿ ಹೇಳ್ತೀನಿ ಅಂದೆ,” ಎಂದಳು ಡೋರೀನ್. “ನಿನ್ನನ್ನ ಹೆಂಗಪ್ಪಾ ಕೇಳೋದು ಅಂತ ಇಬ್ರೂ ನಿಂತಿದ್ವಿ. ನಿನ್ನ ಕಂಡ್ರೆ ಇವರಿಗೆ ಕೈಕಾಲು ನಡುಗುತ್ತೆ.”

ನಾಚಿಕೆಯಿಂದ ನೆಲ ನೋಡಿದೆ. ಮಫ್ಲರನ್ನು ಅವಳ ಕುತ್ತಿಗೆಗೆ ಎರಡು ಸುತ್ತು ಬಿಗಿಯಾಗಿ ಸುತ್ತಿದೆ.

“ಏಪ್ರಿಲ್‌ನಲ್ಲೇ ಮದುವೆ ಇಟ್ಕೊಳ್ಳಿ,” ಎಂದೆ. “ಮೇ ತಿಂಗಳಲ್ಲಿ ನನ್ನ ಕಣ್ಣಿನ ಆಪರೇಷನ್. ಪಟ್ಟಿ ಕಟ್ಕೊಂಡು ಅಳೋಕಾಗಲ್ಲ.”