ತೊಂಬತ್ತು ಸೆಕೆಂಡು

ಸರ್ವರ್ ಇನ್ನೂ ಕಾಯುತ್ತಿತ್ತು.

ಕಪ್ಪು ತೆರೆಯ ಅಂಚಿನಲ್ಲಿ ಕೆಂಪು ಚುಕ್ಕೆ ಅತ್ತಿಂದಿತ್ತ ಓಡಾಡುತ್ತಿತ್ತು. ಎಂಬತ್ತೆಂಟು, ಎಂಬತ್ತೊಂಬತ್ತು. ತೊಂಬತ್ತಕ್ಕೆ ಸೋತು, ಎಮರ್ಜೆನ್ಸಿ ಮೋಡ್ ಎಂದು ಬರೆದು ನಿಂತುಕೊಂಡಿತು. ಮಧುಶ್ರೀ ಇದನ್ನು ನಾಲ್ಕನೆಯ ಸಲ ನೋಡುತ್ತಿದ್ದಳು. ಮೂರು ಸಲ ಸಾಕಿತ್ತು. ನಾಲ್ಕನೆಯದು ಬರೀ ಕುತೂಹಲಕ್ಕೆ.

"ಏನಮ್ಮಾ, ಎದ್ದಿತಾ?" ಹೆಡ್‌ಮಾಸ್ಟರ್ ಷಣ್ಮುಖಪ್ಪ ಬಾಗಿಲಲ್ಲೇ ನಿಂತು ಕೇಳಿದರು.

"ನೋಡ್ತಿದೀನಿ ಸಾರ್."

"ನೋಡ್ತಾ ಕೂತ್ರೆ ಆಗಲ್ಲ ಕಣಮ್ಮ. ಹನ್ನೊಂದಕ್ಕೆ ಮೈಸೂರಿಂದ ಆಫೀಸರ್ ಬರ್ತಾರೆ. ಲ್ಯಾಬ್ ನಡೀತಿಲ್ಲ ಅಂದ್ರೆ ಇಪ್ಪತ್ತು ಕಂಪ್ಯೂಟರೂ ಬೇರೆ ಸ್ಕೂಲಿಗೆ. ಆಮೇಲೆ ನಿನಗಿಲ್ಲಿ ಏನು ಕೆಲಸ?"

ಹೊಸ ಅಗ್ರಹಾರದಿಂದ ಆಚೆಗಿನ ಈ ಹೈಸ್ಕೂಲಿನಲ್ಲಿ ಅವಳು ಮೂರು ವರ್ಷದಿಂದ ಕಂಪ್ಯೂಟರ್ ಕಲಿಸುವ ಅತಿಥಿ ಶಿಕ್ಷಕಿ. ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು.

ಮನುಷ್ಯರು ಯಾಕೆ ಸುಮ್ಮನಾಗುತ್ತಾರೆಂದು ಅವಳು ಯಾರನ್ನೂ ಕೇಳಿದವಳಲ್ಲ. ಲ್ಯಾಬಿನ ಇಪ್ಪತ್ತು ಕಂಪ್ಯೂಟರನ್ನೂ ನಡೆಸುವ ಈ ಸರ್ವರ್ ಕೇಳದೆಯೇ ಹೇಳುತ್ತಿತ್ತು. ಲಿನಕ್ಸಿನಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಂ ಒಂದಿದೆ. ಅದು ಎದ್ದು ಮಿಕ್ಕವನ್ನೆಲ್ಲ ಎಬ್ಬಿಸಬೇಕು. ಇವತ್ತು ಅದು ಹಾಜರಿ ಕೂಗುತ್ತ ಒಂದು ಹೆಸರಿನ ಬಳಿ ನಿಂತುಬಿಟ್ಟಿತ್ತು. ಪಾಸ್‌ವರ್ಡ್ ಕೊಟ್ಟು ಅದರ ದಾಖಲೆ ತೆರೆದಳು. ಬೇರೆಯವರ ಡೈರಿ ಓದುವ ಕಳ್ಳಸುಖದಲ್ಲಿ ಸಾಲು ಸಾಲಾಗಿ ಓದಿದಳು. ಅದು ಬಂತು, ಇದು ಬಂತು. ಹೊರಗಿನ ಡಿಸ್ಕ್ ಮಾತ್ರ ಬರಲಿಲ್ಲ.

ಮೇಜಿನ ಹಿಂದೆ ಕೈಯಾಡಿಸಿದಳು. ಡಿಸ್ಕ್ ಇಲ್ಲ, ಕೇಬಲ್ಲೂ ಇಲ್ಲ.

"ಸಣ್ಣಬೀರಯ್ಯ, ಇಲ್ಲೊಂದು ಕರಿ ಡಬ್ಬಿ ಇತ್ತಲ್ಲ?"

ಅಟೆಂಡರ್ ಪೊರಕೆ ಹಿಡಿದೇ ಬಂದ. "ಆಯುಧ ಪೂಜೇಲಿ ಇಟ್ಟಿದ್ನಲ್ಲ ಮೇಡಂ. ದೊಡ್ಡ ಕಂಪ್ಯೂಟ್ರು ಎತ್ತಕ್ಕಾಗಲ್ಲ ಅಂತ ಅದೊಂದ ಕಿತ್ಕೊಂಡೋಗಿ ಗುದ್ಲಿ, ಮಚ್ಚಿನ ಪಕ್ಕದಲ್ಲಿ ಇಟ್ಟೆ. ಕಂಪ್ಯೂಟ್ರು ಕಡೆಯಿಂದ ಒಬ್ರಾದ್ರೂ ಬ್ಯಾಡ್ವಾ?"

"ಈಗೆಲ್ಲಿ?"

"ಎಡ್ಮಾಸ್ಟ್ರ ಬೀರೂಲಿ. ಬೀಗದ ಕೈ ಮೈಸೂರ್ ಮನೇಲಿ ಬುಟ್ಟು ಬಂದವ್ರಂತೆ. ಯಾಕ್ ಮೇಡಂ, ಕುಂಕುಮ ಇಟ್ಟಿದ್ದು ತಪ್ಪಾಯ್ತಾ?"

"ಇಲ್ಲ ಬಿಡಿ."

ತಪ್ಪು ಅವಳದೇ. ಆ ಡಿಸ್ಕ್ ಬರದೆ ಏನೂ ಶುರುವಾಗಕೂಡದೆಂಬ ಸಾಲನ್ನು ಮೂರು ವರ್ಷದ ಹಿಂದೆ ಸರ್ವರ್‌ಗೆ ಬರೆದಿಟ್ಟವಳು ಅವಳೇ. ಡಿಸ್ಕಿನ ತುಂಬ ಮಕ್ಕಳು ಬಿಡಿಸಿದ ಚಿತ್ರಗಳು. ಅವಿಲ್ಲದೆ ಇದೆಂಥ ಲ್ಯಾಬ್ ಎಂದುಕೊಂಡಿದ್ದಳು. ಈವರೆಗೆ ಯಾರೂ ತೆರೆದು ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಬರದಿದ್ದರೂ ಪರವಾಗಿಲ್ಲ, ಮುಂದೆ ಹೋಗು ಎಂದು ಹೇಳಲು ಒಂದೇ ಪದ ಸಾಕಿತ್ತು. ಆ ಸಾಲಿನ ಕೊನೆಗೆ ಅದನ್ನು ಸೇರಿಸಿದಳು. ಹದಿನಾಲ್ಕು ಸೆಕೆಂಡಿಗೆಲ್ಲ ಸರ್ವರ್ ಎದ್ದು ಕೂತಿತು. ಇಷ್ಟೇನಾ ಅನಿಸಿತು.

ಹನ್ನೊಂದಕ್ಕೆ ಬಂದ ಆಫೀಸರ್ ಪುಷ್ಪಾ ಕೂರಲೂ ಇಲ್ಲ.

"ದಿನಾ ಇದನ್ನ ಯಾರು ಶುರು ಮಾಡ್ತಾರೆ?"

"ಏನೂ ಬೇಡ ಮೇಡಂ," ಷಣ್ಮುಖಪ್ಪ ಉಬ್ಬಿದರು. "ನಮ್ಮ ಅಟೆಂಡರ್ ಸ್ವಿಚ್ ಹಾಕಿದ್ರೆ ಸಾಕು. ತಾನೇ ಶುರುವಾಗುತ್ತೆ."

"ಅಂದ್ರೆ ಇದಕ್ಕೇ ಅಂತ ಒಬ್ರು ಬೇಕಿಲ್ಲ?"

ಷಣ್ಮುಖಪ್ಪ ಮಧುಶ್ರೀಯ ಕಡೆ ನೋಡಿದರು. ಬೆಳಿಗ್ಗೆಯ ಕತೆಯನ್ನು ಅವಳು ಹೇಳಬಹುದಿತ್ತು. ಬಾಯಿತನಕ ಬಂತು.

"ಈಗ ಬೇಕಿಲ್ಲ ಮೇಡಂ," ಎಂದಳು.

ಪುಷ್ಪಾ ಏನನ್ನೋ ಬರೆದುಕೊಂಡರು. ಏನೆಂದು ನೋಡಲು ಮಧುಶ್ರೀ ಕತ್ತು ಚಾಚಿದಳು. ಫೈಲು ಮುಚ್ಚಿಕೊಂಡಿತು.

ಸಂಜೆ ಬಸ್ಸಿಗೆ ನಿಂತಿದ್ದಾಗ ಎದುರಿನ ಜಮೀನಿಗೆ ತ್ರೀ ಫೇಸ್ ಕರೆಂಟ್ ಬಂತು. ಬೀಗ ಹಾಕಿದ್ದ ಪಂಪ್‌ಸೆಟ್ಟಿನ ಶೆಡ್ಡಿನೊಳಗೆ, ಕರೆಂಟ್ ಬಂದೊಡನೆ ತಾನೇ ಎಬ್ಬಿಸುವ ಆಟೊ ಸ್ಟಾರ್ಟರ್ ಟಕ್ ಎಂದಿತು, ಮೋಟಾರು ತಿರುಗತೊಡಗಿತು. ಪೈಪು ಬದುವಿನಿಂದ ಜಾರಿ ರಸ್ತೆಗೆ ಬಾಯಿ ಮಾಡಿಕೊಂಡು ಬಿದ್ದಿತ್ತು. ತೋಳಿನಷ್ಟು ದಪ್ಪದ ನೀರು ಟಾರಿನ ಮೇಲೆ ಸುರಿದು, ಅವಳ ಚಪ್ಪಲಿ ತೋಯಿಸಿ, ಇಳಿಜಾರಿಗೆ ಹರಿಯಿತು. ಬದುವಿನಾಚೆ ಮಣ್ಣು ಬಿರಿದುಕೊಂಡಿತ್ತು. ಸುತ್ತ ಒಂದು ನರಪಿಳ್ಳೆಯೂ ಇಲ್ಲ.

ಕೆ.ಆರ್. ನಗರದ ಬಸ್ಸು ನೀರು ಸೀಳಿಕೊಂಡು ಬಂದು, ನಿಂತು, ಹಾರ್ನ್ ಹಾಕಿ ಹೋಯಿತು. ಅವಳು ಹತ್ತಲಿಲ್ಲ. ಮೋಟಾರು ನಿಲ್ಲಿಸಲು ಯಾರಾದರೂ ಬರುತ್ತಾರೇನೋ ಎಂದು ನೋಡುತ್ತ ನಿಂತಳು. ನೀರು ಸುರಿಯುತ್ತಲೇ ಇತ್ತು.